ಗರಡಿಯ ಮಣ್ಣು, ಕರಾಟೆಯ ಅಂಗಳ

ನಮ್ಮ ಪತ್ತಿಕೊಂಡ ಸೀಮೆಯಲ್ಲಿ ಈಗ ಬಿಳಿ ಅಂಗಿ, ಬಿಳಿ ಪೈಜಾಮ ಹಾಕಿದ ಮಕ್ಕಳು ಸಾಲಾಗಿ ನಿಂತು "ಇಚಿ, ನಿ, ಸಾನ್, ಶಿ, ಗೋ" ಅಂತ ಎಣಿಸೋದು ಹೊಸದೇನಲ್ಲ. ಜಪಾನಿನ ಭಾಷೆಯಲ್ಲಿ ಒಂದರಿಂದ ಐದು ಅಂತ ಅದರ ಅರ್ಥ. ನನ್ನ ವಾರಗೆಯವರು ಕಟ್ಟೆ ಮೇಲೆ ಕುಂತು "ಇದು ನಮ್ಮದಲ್ಲ, ಸಿನಿಮಾದ್ದು" ಅಂತಾರ. ಆ ಮಾತು ಎಷ್ಟು ಖರೆ ಅಂತ ತೂಗಬೇಕಾದರ ಗರಡಿ, ಕರಾಟೆ ಎರಡರ ಚರಿತ್ರೆಯೂ ಗೊತ್ತಿರಬೇಕು. ನಾನು ಹೊಲ ಮಾಡುವವ, ಪದ ಹಾಡುವವ, ಓದಿದ್ದು ಏಳನೆಯ ತರಗತಿ. ಗರಡಿಯಲ್ಲಿ ಪಳಗಿದ ಮೈ ನನ್ನದು, ಕರಾಟೆಗೆ ಹೋಗುವ ಮೊಮ್ಮಗಳು ನನ್ನ ಮನೆಯಲ್ಲಿದ್ದಾಳ. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತೇನೆ.

ಮೊದಲು ಗರಡಿ. ನಮ್ಮೂರ ಗರಡಿ ಮನೆ ಅಂದರೆ ತಗ್ಗು ಬಾಗಿಲಿನ ಒಂದು ಕೋಣೆ. ತಲೆ ಬಗ್ಗಿಸದೆ ಯಾರೂ ಒಳಗೆ ಹೋಗುವಂಗಿಲ್ಲ. ಒಳಗೆ ಹನುಮಪ್ಪನ ಪಟ, ನಡುವೆ ಹದ ಮಾಡಿದ ಕೆಮ್ಮಣ್ಣು, ಮೂಲೆಗೆ ಗದೆ, ಎತ್ತುವ ಗುಂಡುಕಲ್ಲು. ಮೊದಲು ದಂಡ, ಬಸ್ಕಿ, ಆಮೇಲೆ ಪಟ್ಟು. ಕಲಿಸುವ ಉಸ್ತಾದರು ಸಾಬರು, ಪಟ ಹನುಮಪ್ಪನದು. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಫೀಜು ಅನ್ನೋ ಮಾತೇ ಇಲ್ಲ. ಹಬ್ಬಕ್ಕೊಂದು ಪಂಚೆ, ಸುಗ್ಗಿಗೆ ಒಂದಿಷ್ಟು ಜೋಳ ಕೊಟ್ಟರೆ ಮುಗೀತು. ಪೀರಲ ಹಬ್ಬದ ಮೆರವಣಿಗೆಯಲ್ಲಿ ಗರಡಿ ಹುಡುಗರು ಕೋಲು ತಿರುಗಿಸಿದರೆ ಊರೆಲ್ಲಾ ನಿಂತು ನೋಡುತ್ತಿತ್ತು.

ಈ ಸೀಮೆ ಹಿಂದೆ ಪಾಳೆಯಗಾರರದು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಭಾಗವನ್ನು ಕುಂಪಣಿಗೆ ಬಿಟ್ಟುಕೊಟ್ಟ. ಅದಕ್ಕೇ ದತ್ತ ಮಂಡಲ ಅಂತ ಹೆಸರು ಬಂತು. ಮೊದಲ ದೊಡ್ಡ ಕಲೆಕ್ಟರ್ ಥಾಮಸ್ ಮನ್ರೋ. 1807ರವರೆಗೆ ಇದ್ದು, ಸುಮಾರು 80 ಪಾಳೆಯಗಾರರನ್ನು ಅಡಗಿಸಿ, ಅವರ ಕೈಕೆಳಗಿನ ಹತಾರಬಂದ್ ಜನವನ್ನು ಚದುರಿಸಿದ. ಮುಂದೆ ಮದ್ರಾಸಿನ ಗವರ್ನರ್ ಆಗಿ ತಿರುಗಾಟಕ್ಕೆ ಬಂದಾಗ 1827ರ ಜುಲೈ 6ರಂದು ನಮ್ಮ ಪತ್ತಿಕೊಂಡದಲ್ಲೇ ಕಾಲರಾದಿಂದ ತೀರಿಕೊಂಡ. ರೈತರು ಅವನನ್ನು ಒಳ್ಳೆಯವನೆಂದು ನೆನೆದು ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟದ್ದೂ ಉಂಟು. ಪಾಳೆಯಗಾರರ ಕತ್ತಿ ಹೋಯಿತು. ಕೋಲು, ಕುಸ್ತಿ ಊರಲ್ಲಿ ಉಳಿದವು.

ಇಂಥದೇ ಒಂದು ಕಥೆ ಸಮುದ್ರದಾಚೆಯೂ ನಡೆದೈತಿ. ಜಪಾನಿನ ದಕ್ಷಿಣಕ್ಕೆ ಒಕಿನಾವಾ ಅಂತ ಒಂದು ದ್ವೀಪ. ಹಿಂದೆ ಅದು ರ‍್ಯೂಕ್ಯೂ ಅನ್ನುವ ಬೇರೆ ರಾಜ್ಯ. ಚೀನಾದ ಜೊತೆ ವ್ಯಾಪಾರ ಇತ್ತು, ಸರಕಿನ ಜೊತೆ ಅಲ್ಲಿನ ಮುಷ್ಟಿವಿದ್ಯೆಯೂ ಬಂತು. 1609ರಲ್ಲಿ ಜಪಾನಿನ ಸತ್ಸುಮಾ ಸೀಮೆಯ ದೊರೆ ದಂಡೆತ್ತಿ ಬಂದು ಗೆದ್ದ. ಹತಾರಗಳ ಮೇಲೆ ಕಟ್ಟುಪಾಡು ಬಂತು. 1879ರಲ್ಲಿ ಆ ರಾಜ್ಯವೇ ಅಳಿದು ಜಪಾನಿಗೆ ಸೇರಿತು. ರೈತರೇ ಕರಾಟೆ ಹುಟ್ಟಿಸಿದರು ಅಂತ ಹೇಳುವವರಿದ್ದಾರ. ಆದರೆ ಹೆಸರು ಸಿಗುವ ಹಳೆಯ ಗುರುಗಳಲ್ಲಿ ಬಹಳಷ್ಟು ಮಂದಿ ಅರಮನೆಯ ಚಾಕರಿಯವರು. ಒಕ್ಕಲುತನದ ಗುರುತು ಕಾಣೋದು ಅದರ ಜೊತೆಗಿನ ಹತಾರ ವಿದ್ಯೆಯಲ್ಲಿ. ಅಲ್ಲಿ ಕುಡುಗೋಲು ಹಿಡಿದು ಆಡುವ ವರಸೆಯೇ ಐತಿ. ನಮ್ಮ ಹೊಲದ ಕುಡುಗೋಲಿಗೆ ಅದು ದಾಯಾದಿ ಅನ್ನಬಹುದು.

ಈ ವಿದ್ಯೆ ಲೋಕಕ್ಕೆ ಹಬ್ಬಿದ್ದು ಶಾಲೆಯಿಂದ, ಇದನ್ನು ಓದುಗರು ಗಮನಿಸಬೇಕು. ಇತೊಸು ಆಂಕೊ ಎಂಬ ಹಿರಿಯರು 1901ರಲ್ಲಿ ಒಕಿನಾವಾದ ಶಾಲೆಗೆ ಕರಾಟೆಯನ್ನು ತಂದರು. ಕಷ್ಟದ ವರಸೆಗಳನ್ನು ಮಕ್ಕಳಿಗೆ ಹೊಂದುವಂತೆ ಸಣ್ಣ ಸಣ್ಣ ಪಾಠ ಮಾಡಿದರು. ಅವರ ಶಿಷ್ಯ ಫುನಾಕೊಶಿ ಗಿಚಿನ್ ಸಹ ಶಾಲಾ ಮೇಷ್ಟ್ರೇ. 1922ರಲ್ಲಿ ಟೋಕಿಯೋಗೆ ಹೋಗಿ ಈ ವಿದ್ಯೆ ತೋರಿಸಿ ಅಲ್ಲೇ ನಿಂತರು. ಬಿಳಿ ಉಡುಪು, ಸೊಂಟದ ಪಟ್ಟಿ ಇವೆಲ್ಲ ಜೂಡೋ ಕಟ್ಟಿದ ಕಾನೊ ಜಿಗೊರೊ ಅವರ ಪದ್ಧತಿಯಿಂದ ಬಂದವು. 1924ರಲ್ಲಿ ಫುನಾಕೊಶಿ ತಮ್ಮ ಶಿಷ್ಯರಿಗೆ ಮೊದಲ ಸಲ ಕಪ್ಪು ಪಟ್ಟಿ ಕೊಟ್ಟರು. ಮೊದಲು 'ಚೀನಾದ ಕೈ' ಅನ್ನುವ ಅರ್ಥದಲ್ಲಿ ಬರೆಯುತ್ತಿದ್ದ ಹೆಸರನ್ನು ಆಮೇಲೆ 'ಬರಿಗೈ' ಅನ್ನುವ ಅರ್ಥ ಬರುವಂತೆ ಬರೆದರು. ಕರಾಟೆ ಅಂದರೆ ಬರಿಗೈ.

ನಮ್ಮ ಕಡೆಗೆ ಅದರ ಸುದ್ದಿ ತಂದದ್ದು ಸಿನಿಮಾ, ಸುಳ್ಳಲ್ಲ. 1973ರ 'ಎಂಟರ್ ದಿ ಡ್ರ್ಯಾಗನ್' ಬಂದಮೇಲೆ ಬ್ರೂಸ್ ಲೀ ಪಟ ಕಟಿಂಗ್ ಅಂಗಡಿಗೆಲ್ಲಾ ಏರಿತು. ಅವನದು ಕರಾಟೆ ಅಲ್ಲ, ಚೀನಾದ ಕುಂಗ್‌ಫೂ. ಆಮೇಲೆ ತೆಲುಗಿನಲ್ಲಿ ಸುಮನ್, ಭಾನುಚಂದರ್ ಅವರ ಫೈಟಿಂಗು ನೋಡಿ ಹುಡುಗರು ಕಾಲೆತ್ತಿ ಒದೆಯೋದು ಕಲಿತರು. ಆದರೆ ಸಿನಿಮಾದಲ್ಲಿ ಕಾಣದ್ದು ಒಂದೈತಿ. ಅದೇ ತರಗತಿ.

ತರಗತಿಗೆ ಬಂದ ಕೂಡಲೇ ಬಗ್ಗಿ ನಮಸ್ಕಾರ. ನಮ್ಮ ಗರಡಿಯ ತಗ್ಗು ಬಾಗಿಲು ಮಾಡಿಸುತ್ತಿದ್ದ ಕೆಲಸ ಇಲ್ಲಿ ಮಾತಿನಿಂದ ಆಗ್ತದ. ಆಮೇಲೆ ಮೈ ಬಿಸಿ ಮಾಡೋದು. ಮುಂದೆ ಮೂರು ಭಾಗ: ಕಿಹೊನ್ ಅಂದರೆ ಬಿಡಿ ಏಟು, ಬಿಡಿ ತಡೆ. ಕಾತಾ ಅಂದರೆ ಒಬ್ಬರೇ ಆಡುವ ಕಟ್ಟಿದ ವರಸೆ. ಕುಮಿತೆ ಅಂದರೆ ಇಬ್ಬರ ಪಂದ್ಯ. ಫುನಾಕೊಶಿ ಪದ್ಧತಿಯ ಮೊದಲ ಪಾಠ ಹೇಯಾನ್ ಶೋದಾನ್. ಅದರ ಮೊದಲ ಚಲನೆ ಹೊಡೆಯೋದಲ್ಲ, ತಡೆಯೋದು. ನಡುವೆ ಒಂದು ಕೂಗು ಬರ್ತದ, 'ಕಿಯಾಯ್' ಅಂತಾರ. ಗಂಟಲಿನಿಂದ ಕೂಗಿದರೆ ಮೇಷ್ಟ್ರು ಒಪ್ಪಲ್ಲ, ಹೊಕ್ಕಳಿಂದ ಬರಬೇಕು. ರಾತ್ರಿಯಿಡೀ ಪದ ಹಾಡುವವರಿಗೆ ಈ ಗುಟ್ಟು ಹೊಸದಲ್ಲ. ಗಂಟಲಲ್ಲೇ ಹಾಡಿದವನು ನಡುರಾತ್ರಿಗೆ ಮೂಗನಾಗ್ತಾನ.

ಇನ್ನೊಂದು ಶಬ್ದ 'ಯಮೆ'. ನಿಲ್ಲಿಸು ಅಂತ ಅರ್ಥ. ಆ ಮಾತು ಬಿದ್ದರೆ ಎತ್ತಿದ ಕೈ ಎತ್ತಿದಲ್ಲೇ ನಿಲ್ಲಬೇಕು. ನಮ್ಮ ಹೊಳಗುಂದದ ಕಡೆ ದೇವರಗಟ್ಟದಲ್ಲಿ ದಸರಾ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರಿನವರು ಬಡಿಗೆ ಹಿಡಿದು ಸೇರ್ತಾರ. ದೇವರ ಮೇಲಿನ ಭಕ್ತಿ ದೊಡ್ಡದು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಪೊಲೀಸರು ಎಷ್ಟು ಬಂದರೂ ವರ್ಷಾ ವರ್ಷಾ ತಲೆ ಒಡೀತಾವ. ಕೋಲು ಎತ್ತುವ ಬಲ ನಮ್ಮಲ್ಲಿ ಮೊದಲಿಂದಲೂ ಐತಿ. ನಿಲ್ಲಿಸು ಅಂದರೆ ನಿಲ್ಲುವ ಬಲವನ್ನು ಯಾರಾದರೂ ಕಲಿಸಬೇಕು.

ಇನ್ನು ಹೆಣ್ಣುಮಕ್ಕಳ ಮಾತು. ನಮ್ಮ ಗರಡಿಯಲ್ಲಿ ಅವರಿಗೆ ಹೊಸ್ತಿಲೂ ಇರಲಿಲ್ಲ. "ಇದು ಹಿಂದಿನಿಂದ ಬಂದ ಪದ್ಧತಿ" ಅನ್ನುವವರು ಇನ್ನೂ ಹಿಂದಕ್ಕೆ ನೋಡಬೇಕು. ಆದವಾನಿ ಕೋಟೆಯನ್ನೂ ಆಳಿದ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರ ನೂನಿಜ್ 1535ರ ಸುಮಾರಿಗೆ ಬರೆದ ವರದಿಯಲ್ಲಿ, ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರೂ ಇದ್ದರು ಅಂತ ಹೇಳ್ಯಾನ. ಅಂದರೆ ನಾವು ಕಳಕೊಂಡದ್ದನ್ನೇ ಕರಾಟೆ ತರಗತಿ ತಿರುಗಿ ಕೊಡ್ತೈತಿ. ಬಸ್ಸಿಗೆ, ಕಾಲೇಜಿಗೆ ಒಬ್ಬಳೇ ಹೋಗುವ ಹುಡುಗಿಗೆ ಕಪ್ಪು ಪಟ್ಟಿಗಿಂತ ಮೊದಲು ಬೇಕಾದ್ದು ತಲೆ ಎತ್ತಿ ನಡೆಯೋದು, "ಬೇಡ" ಅಂತ ಹೊಕ್ಕಳಿಂದ ಕೂಗೋದು.

ಕೊರತೆಯೂ ಐತಿ. ಸರ್ಕಾರಿ ಶಾಲೆಯಲ್ಲಿ ಸಮಗ್ರ ಶಿಕ್ಷಾ ಯೋಜನೆಯಿಂದ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸುವುದು ಮೂರು ತಿಂಗಳು. ಗರಡಿಯಲ್ಲಿ ಮೂರು ತಿಂಗಳಿಗೆ ದಂಡ ನೆಟ್ಟಗೆ ಹೊಡೆಯೋದೂ ಬರುತ್ತಿರಲಿಲ್ಲ. ಖಾಸಗಿ ತರಗತಿಗೆ ತಿಂಗಳ ಫೀಜು, ಉಡುಪು, ಪ್ರತಿ ಬಣ್ಣದ ಪಟ್ಟಿಗೂ ಪರೀಕ್ಷೆಯ ಫೀಜು. ಹಳದಿಗೆ ಕಟ್ಟಿದವರಲ್ಲಿ ಎಷ್ಟೋ ಮಂದಿ ಹಸಿರಿಗೆ ಬಿಟ್ಟುಬಿಡ್ತಾರ. ಇನ್ನು ನಮ್ಮ ಮಂದಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸೋಕೆ ಸುಗ್ಗಿಗೆ ಹೋದಾಗ ಮಕ್ಕಳೂ ಹಿಂದೆ ಹೋಗ್ತಾವ. ಶಾಲೆಯೂ ತಪ್ತು, ತರಗತಿಯೂ ತಪ್ತು. ಅಂಥ ಹುಡುಗಿ ತಿರುಗಿ ಬರುವ ಹೊತ್ತಿಗೆ ಮನೆಯಲ್ಲಿ ಮದುವೆ ಮಾತು ಎದ್ದಿರ್ತದ.

ಕರಾಟೆ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 2021ರಲ್ಲಿ ಇತ್ತು, 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ಪದಕದ ಆಸೆಗೆ ಕಲಿತರೆ ಹಿಂಗೇ, ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಊರಿಗೆ ಬೇಕಾದ್ದು ಪದಕ ಅಲ್ಲ.

ನಮ್ಮೂರ ಗರಡಿ ಮನೆಗೆ ಈಗ ಬೀಗ. ಒಳಗೆ ಹತ್ತಿ ಚೀಲ ಒಟ್ಯಾರ. ಊರ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಚೀಲ ತೆಗೆಸಿ, ವಾರಕ್ಕೆ ಮೂರು ದಿನ ಸಾಯಂಕಾಲ ಅದನ್ನು ಹೆಣ್ಣುಮಕ್ಕಳ ಕರಾಟೆಗೆ ಬಿಟ್ಟುಕೊಡಿ. ಮೇಷ್ಟ್ರ ಸಂಬಳಕ್ಕೆ ಮನೆಗಿಷ್ಟು ಅಂತ ಸುಗ್ಗಿಯಲ್ಲಿ ಎತ್ತೋಣ, ಉಸ್ತಾದರಿಗೆ ಎತ್ತುತ್ತಿದ್ದ ಹಾಗೆ. ಸುಗ್ಗಿಗೆ ಹೋಗುವವರ ಮಕ್ಕಳು ಅಜ್ಜಿ ಹತ್ತಿರ ಉಳಿದರೆ ಅವರಿಗೆ ಫೀಜು ಬೇಡ. ಹನುಮಪ್ಪನ ಪಟ ಇದ್ದಲ್ಲೇ ಇರಲಿ. ಬೀಳೋಕೆ ಮೆತ್ತಗಿರಲಿ ಅಂತ ಕೆಮ್ಮಣ್ಣು ಒಂದು ಟ್ರಾಕ್ಟರ್ ನನ್ನ ಹೊಲದಿಂದ ನಾನೇ ಹಾಕಿಸ್ತೀನಿ.