ಬೆಟ್ಟದವರ ಗಣರಾಜ್ಯ

ಭಕ್ತರೇ, ‘ಸ್ವತಂತ್ರ’ ಎಂಬ ಮಾತನ್ನು ನಾವೆಲ್ಲರೂ ದಿನವೂ ಆಡುತ್ತೇವೆ. ಅದರ ಒಡಲಲ್ಲಿ ಏನಿದೆ ಎಂದು ನೋಡುವವರು ಕಡಿಮೆ. ಹರಡು, ಹಬ್ಬಿಸು ಎಂಬ ಅರ್ಥದ ‘ತನ್’ ಧಾತುವಿನಿಂದ ‘ತಂತ್ರ’ ಶಬ್ದವು ಬಂದಿದೆ. ಅದರ ಹಳೆಯ ಅರ್ಥ ಮಗ್ಗ; ಮಗ್ಗದ ಮೇಲೆ ಎಳೆದು ಕಟ್ಟಿದ ಹಾಸುನೂಲು. ತನ್ನ ಮಗ್ಗವನ್ನು ತಾನೇ ಹೂಡಿಕೊಂಡವನು ಸ್ವತಂತ್ರ. ಆದರೆ ಬರಿಯ ಹಾಸಿನಿಂದ ಬಟ್ಟೆಯಾಗುವುದಿಲ್ಲವೆಂದು ನಿಮ್ಮಲ್ಲಿರುವ ನೇಕಾರರು ಬಲ್ಲರು. ಲಾಳಿ ಓಡಬೇಕು, ಹೊಕ್ಕು ಕೂಡಬೇಕು. ಹಾಸನ್ನು ಹೂಡಿಯೂ ಹೊಕ್ಕನ್ನು ಕೂಡಿಸಲಾರದೆ ಹೋದ ಒಂದು ರಾಜ್ಯದ ಇತಿಹಾಸವನ್ನು ಇಂದು ಹೇಳಬೇಕೆಂದಿದ್ದೇವೆ.

ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಕಾಕಸಸ್ ಎಂಬ ಮಹಾಪರ್ವತಶ್ರೇಣಿಯಿದೆ. ಅದರ ಎಲ್ಬ್ರುಸ್ ಶಿಖರದ ಎತ್ತರ 5642 ಮೀಟರು. ಆ ಶ್ರೇಣಿಯ ಉತ್ತರದ ಇಳಿಜಾರಿನಲ್ಲಿ ಚೆಚೆನ್ನರು, ಇಂಗುಷರು, ಒಸೆತರು, ಕಬರ್ದರು, ಬಾಲ್ಕರರು, ಕರಾಚಯರು ವಾಸಿಸುತ್ತಾರೆ. ಪೂರ್ವದ ದಾಗೆಸ್ತಾನ ಒಂದರಲ್ಲೇ ಮೂವತ್ತಕ್ಕೂ ಹೆಚ್ಚು ಭಾಷೆಗಳಿವೆ. ಹೆಚ್ಚಿನವರು ಮುಸಲ್ಮಾನರು, ಒಸೆತರಲ್ಲಿ ಬಹುಮಂದಿ ಕ್ರೈಸ್ತರು. ಈ ಜನ ರಷಿಯಾದ ಚಕ್ರವರ್ತಿಗೆ ಸುಲಭವಾಗಿ ತಲೆಬಾಗಿದವರಲ್ಲ. ದಾಗೆಸ್ತಾನದ ಇಮಾಂ ಶಮೀಲನು ಇಪ್ಪತ್ತೈದು ವರ್ಷ ಕಾದಾಡಿ, 1859ರಲ್ಲಿ ಗುನೀಬ್ ಎಂಬ ಗಿರಿದುರ್ಗದಲ್ಲಿ ಶರಣಾದನು. ಪಶ್ಚಿಮದಲ್ಲಿ ಯುದ್ಧವು 1864ರವರೆಗೂ ನಡೆಯಿತು. ಅಲ್ಲಿಯ ಸಿರ್ಕಾಸಿಯರಲ್ಲಿ ಲಕ್ಷಾಂತರ ಮಂದಿ ತುರ್ಕಿಗೆ ವಲಸೆ ಹೋಗಬೇಕಾಯಿತು.

ಸೋತವರು ಕಳೆದುಕೊಂಡದ್ದು ಅಧಿಕಾರವನ್ನು ಮಾತ್ರವಲ್ಲ. ಬೆಟ್ಟದ ಬುಡದ ಫಲವತ್ತಾದ ನೆಲವು ಚಕ್ರವರ್ತಿಯ ಕುದುರೆಸೈನಿಕರಾದ ಕೊಸಾಕರ ಊರುಗಳಿಗೆ ಸೇರಿತು. ಬೆಟ್ಟದವರು ಬಂಡೆಯ ಮೇಲೆ ಮಣ್ಣು ಹೊತ್ತುಹಾಕಿ, ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿಕೊಂಡರು. ತಾತ ಉತ್ತ ನೆಲವನ್ನು ಮೊಮ್ಮಗ ಕೊಸಾಕನಿಂದ ಗೇಣಿಗೆ ಪಡೆಯುವ ಕಾಲ ಬಂದಿತು. ಈ ಸಂಗತಿಯನ್ನು ನೆನಪಿನಲ್ಲಿಡಿರಿ. ಮುಂದಿನದಕ್ಕೆಲ್ಲ ಇದೇ ಬೀಜ.

1917ರ ಮಾರ್ಚಿಯಲ್ಲಿ ಚಕ್ರವರ್ತಿ ಎರಡನೆಯ ನಿಕೋಲಾಸನು ಸಿಂಹಾಸನವನ್ನು ಬಿಟ್ಟನು. ಮೇ ತಿಂಗಳಲ್ಲಿ ಬೆಟ್ಟದ ಜನರ ಪ್ರತಿನಿಧಿಗಳು ವ್ಲಾದಿಕಾವ್ಕಾಜ್ ಪಟ್ಟಣದಲ್ಲಿ ಸಭೆ ಸೇರಿ ಒಂದು ಒಕ್ಕೂಟವನ್ನು ಕಟ್ಟಿದರು. ಚೆಚೆನ್ನರ ತಾಪಾ ಚೆರ್ಮೊಯೆವನು ಮುಖಂಡನಾದನು; ಆತ ಹಿಂದೆ ಸೇನಾಧಿಕಾರಿ, ಗ್ರೋಜ್ನಿಯ ಎಣ್ಣೆಯಿಂದ ಸಿರಿವಂತನಾದವನು. ಬೇರೆ ಬೇರೆ ಭಾಷೆಯವರು ಒಂದೇ ಚಾಪೆಯ ಮೇಲೆ ಕುಳಿತದ್ದು ಸಾಮಾನ್ಯ ಸಂಗತಿಯಲ್ಲ. ಹಾಸು ಹೂಡಿತು.

ಹೊಕ್ಕು ತಪ್ಪಿದ್ದು ನೆಲದ ಪ್ರಶ್ನೆಯಲ್ಲಿ. ಕೊಸಾಕರನ್ನೂ ಕೂಡಿಸಿಕೊಂಡು ಆಳುವ ಯತ್ನವು ಆ ವರ್ಷದ ಕೊನೆಯಲ್ಲಿ ನಡೆಯಿತು. ಆದರೆ ಕೊಸಾಕರ ನಾಯಕ ಕರೌಲೋವನು ಡಿಸೆಂಬರಿನಲ್ಲಿ ಒಂದು ರೈಲುನಿಲ್ದಾಣದಲ್ಲಿ ಸೈನಿಕರ ಕೈಯಲ್ಲಿ ಹತನಾದನು. ಟೆರೆಕ್ ನದಿಯ ಬಯಲಿನಲ್ಲಿ ಊರು ಊರನ್ನು ಸುಟ್ಟಿತು. ಇಂಥ ಹೊತ್ತಿನಲ್ಲಿ ಬೋಲ್ಷೆವಿಕರು ಬಂದು, “ನೆಲ ನಿಮ್ಮದೇ” ಎಂದರು. ನೆಲವಿಲ್ಲದವನಿಗೆ ಆ ಮಾತು ಧ್ವಜಕ್ಕಿಂತ ಹತ್ತಿರವಾಯಿತು. ಇಂಗುಷರಲ್ಲಿ ಅನೇಕರು ಅತ್ತ ವಾಲಿದರು. ಒಕ್ಕೂಟದ ಸರಕಾರವು ವ್ಲಾದಿಕಾವ್ಕಾಜನ್ನು ಬಿಡಬೇಕಾಯಿತು.

ಆದರೂ 1918ರ ಮೇ 11ರಂದು, ಬಾತುಮಿಯಲ್ಲಿ ಸಂಧಾನ ನಡೆಯುತ್ತಿದ್ದಾಗ, ಅದರ ಪ್ರತಿನಿಧಿಗಳು ಸ್ವಾತಂತ್ರ್ಯವನ್ನು ಸಾರಿದರು. ಹಸಿರು ಬಿಳಿ ಏಳು ಪಟ್ಟೆಗಳ, ಏಳು ನಕ್ಷತ್ರಗಳ ಧ್ವಜ ಏರಿತು. ಜೂನ್ 8ರಂದು ತುರ್ಕಿಯು ಅವರೊಡನೆ ಮೈತ್ರಿಯ ಒಪ್ಪಂದ ಮಾಡಿಕೊಂಡಿತು. ತುರ್ಕಿಯ ಸೈನ್ಯದ ನೆರವಿನಿಂದ ಸರಕಾರವು ದಾಗೆಸ್ತಾನದಲ್ಲಿ ನೆಲೆಯೂರಿತು. ಇಂದು ಬುಯ್ನಾಕ್ಸ್ಕ್ ಎಂದು ಕರೆಯುವ ತೆಮಿರ್-ಖಾನ್-ಶುರಾ ಅದರ ರಾಜಧಾನಿಯಾಯಿತು. ಆದರೆ ಅಕ್ಟೋಬರ್ 30ರಂದು ತುರ್ಕಿಯೇ ಮಹಾಯುದ್ಧದಲ್ಲಿ ಸೋತು ಕೈಚೆಲ್ಲಿತು. ಹೆರವರ ಊರುಗೋಲು ಹೆರವರೊಡನೆಯೇ ಹೋಯಿತು.

ಆಮೇಲೆ ಕಬರ್ದರ ಪ್ಶೆಮಾಖೊ ಕೊತ್ಸೆವನು ಪ್ರಧಾನಿಯಾದನು. ಚೆರ್ಮೊಯೆವನು ಪ್ಯಾರಿಸಿನ ಶಾಂತಿಸಭೆಗೆ ಹೋಗಿ ಮಾನ್ಯತೆ ಬೇಡಿದನು, ಸಿಗಲಿಲ್ಲ. ಹಳೆಯ ಸಾಮ್ರಾಜ್ಯವನ್ನು ಮರಳಿ ಕಟ್ಟಹೊರಟ ಸೇನಾಪತಿ ದೆನಿಕಿನನಿಗೆ ಬ್ರಿಟಿಷರು ಆಯುಧ ಕೊಡುತ್ತಿದ್ದರು. ಅವನ ಸೈನ್ಯ ಬಂದಿತು. 1919ರ ಮೇ ತಿಂಗಳಲ್ಲಿ ಸರಕಾರವು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಸ್ವಾತಂತ್ರ್ಯ ಸಾರಿ ಒಂದೇ ವರ್ಷವಾಗಿತ್ತು.

ಜನ ಮಾತ್ರ ಸುಮ್ಮನಾಗಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಮುದುಕನಾದ ಉಜುನ್ ಹಾಜಿಯು ವೆದೆನೊದಲ್ಲಿ ಧರ್ಮರಾಜ್ಯವನ್ನು ಸಾರಿ ದೆನಿಕಿನನ ಮೇಲೆ ಬಿದ್ದನು. 1920ರಲ್ಲಿ ಕೆಂಪುಸೇನೆ ಬಂದಿತು. 1921ರ ಜನವರಿಯಲ್ಲಿ ಸೋವಿಯತ್ ಸರಕಾರವು ‘ಪರ್ವತ ಗಣರಾಜ್ಯ’ವೆಂಬ ಹೆಸರನ್ನು ತಾನೇ ಬಳಸಿಕೊಂಡು ಒಂದು ಸ್ವಾಯತ್ತ ಪ್ರಾಂತವನ್ನು ಮಾಡಿತು, ದಾಗೆಸ್ತಾನವನ್ನು ಬೇರೆಯಾಗಿಟ್ಟಿತು. 1924ರ ಹೊತ್ತಿಗೆ ಅದನ್ನೂ ಜನಾಂಗವಾರು ತುಂಡುಮಾಡಿ ಮುಗಿಸಿತು. 1944ರ ಫೆಬ್ರವರಿಯಲ್ಲಿ ಚೆಚೆನ್ನರನ್ನೂ ಇಂಗುಷರನ್ನೂ, ಹತ್ತಿರ ಹತ್ತಿರ ಐದು ಲಕ್ಷ ಜನರನ್ನು, ರೈಲುಡಬ್ಬಿಗಳಲ್ಲಿ ತುಂಬಿ ಮಧ್ಯ ಏಷ್ಯಕ್ಕೆ ಅಟ್ಟಲಾಯಿತು. ಅವರಿಗೆ ಊರಿಗೆ ಮರಳಲು ಅಪ್ಪಣೆ ದೊರೆತದ್ದು 1957ರಲ್ಲಿ.

“ಅಷ್ಟೊಂದು ಭಾಷೆಯವರು ಒಂದಾಗುವುದು ಎಲ್ಲಿಯಾದರೂ ಉಂಟೇ?” ಎಂದು ನೀವು ಕೇಳಬಹುದು. ಭಾಷೆ ಅವರನ್ನು ಒಡೆಯಲಿಲ್ಲ. ಸಭೆಗೆ ಎಲ್ಲರೂ ಬಂದಿದ್ದರು. “ದೊಡ್ಡವರ ನಡುವೆ ಸಣ್ಣವರು ನಜ್ಜುಗುಜ್ಜಾದರು” ಎನ್ನಬಹುದು. ಅದು ದಿಟ. ಆನೆ ನುಗ್ಗಿದರೆ ಒಳ್ಳೆಯ ಬಟ್ಟೆಯೂ ಹರಿಯುತ್ತದೆ. ಆದರೆ ಆನೆ ಬರುವ ಮೊದಲೇ ಎಳೆ ಬಿಟ್ಟಿತ್ತೆಂಬುದನ್ನು ಮರೆಯಬಾರದು. ಬೆಟ್ಟದವನಿಗೆ ಹೊಲ ಬೇಕಾಗಿತ್ತು. ಕೊಸಾಕನಿಗೆ ತಾನು ಹುಟ್ಟಿದ ಊರು ಉಳಿಯಬೇಕಾಗಿತ್ತು. ಇಬ್ಬರ ಅಳಲೂ ಸುಳ್ಳಲ್ಲ. ಅವರಿಬ್ಬರನ್ನು ಒಂದು ಬದುವಿನ ಮೇಲೆ ಕೂರಿಸಿ ನ್ಯಾಯ ಹೇಳುವಷ್ಟು ಕಾಲವೂ ಬಲವೂ ಆ ಸರಕಾರಕ್ಕೆ ದೊರೆಯಲಿಲ್ಲ. ಹೇಳದೆ ಉಳಿದ ನ್ಯಾಯವನ್ನು ಹೊರಗಿನವನು ಬಂದು ತನ್ನ ಲಾಭಕ್ಕೆ ಹೇಳಿದನು.

ನಿಮ್ಮ ಊರುಗಳಲ್ಲಿಯೂ ಒಂದೇ ಪಲ್ಲಕ್ಕಿಗೆ ಹೆಗಲು ಕೊಡುವ ಅಣ್ಣತಮ್ಮಂದಿರು ಒಂದು ಗೇಣು ಬದುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ನಾವು ಕಂಡಿದ್ದೇವೆ. ಉತ್ಸವದಲ್ಲಿ ಕೂಡುವುದು ಹಾಸು. ಹೊಲದಲ್ಲಿ ಕೂಡುವುದು ಹೊಕ್ಕು. ಮನೆಗೆ ಹೋದ ಮೇಲೆ, ನಿಮ್ಮ ನಿಮ್ಮಲ್ಲಿ ತೀರದೆ ಉಳಿದ ಬದುವಿನ ಮಾತು ಯಾವುದಿದೆಯೋ ಅದನ್ನು ಮೂರನೆಯವನು ಬರುವ ಮುನ್ನ ನೀವೇ ಕುಳಿತು ತೀರಿಸಿಕೊಳ್ಳಿರಿ.