ನೆಟ್‌ವರ್ಕ್ ನಿಗಾ ಡ್ಯಾಶ್‌ಬೋರ್ಡ್‌ಗಳಲ್ಲಿ ವಿಜೆಟ್ ಸಂರಚನೆ: ಇತಿಹಾಸ

ರೌಟರ್, ಸ್ವಿಚ್, ಸರ್ವರ್‌ಗಳಿಂದ ಬಂದ ಮಾಹಿತಿಯನ್ನು ಒಂದೇ ಪರದೆಯಲ್ಲಿ ತೋರಿಸುವ ಪುಟಕ್ಕೆ ನೆಟ್‌ವರ್ಕ್ ನಿಗಾ ತಂತ್ರಾಂಶಗಳಲ್ಲಿ ಡ್ಯಾಶ್‌ಬೋರ್ಡ್ ಎಂದೂ, ಆ ಪುಟದಲ್ಲಿ ಕೂರಿಸಿದ ಒಂದೊಂದು ಸ್ವತಂತ್ರ ಚೌಕಕ್ಕೆ ವಿಜೆಟ್ ಎಂದೂ ಹೆಸರು. ಗ್ರಾಫಾನಾದಲ್ಲಿ ಇದೇ ಪ್ಯಾನೆಲ್. ಸೋಲಾರ್‌ವಿಂಡ್ಸ್ ಓರಿಯನ್‌ನಲ್ಲಿ ಬಹುಕಾಲ ರಿಸೋರ್ಸ್ ಆಗಿತ್ತು. ಯಾವ ಸಾಧನದ ಯಾವ ಅಳತೆ ಕಾಣಬೇಕು, ಎಷ್ಟು ಹೊತ್ತಿನದು, ಯಾವ ರೂಪದಲ್ಲಿ, ಪುಟದ ಯಾವ ಜಾಗದಲ್ಲಿ ಎಂಬುದನ್ನು ನಿಗದಿಪಡಿಸುವುದೇ ವಿಜೆಟ್ ಸಂರಚನೆ. ಇದರ ಇತಿಹಾಸವನ್ನು ಗ್ರಾಫ್‌ಗಳ ಅಂದ ಹೆಚ್ಚುತ್ತ ಬಂದ ಕಥೆಯಾಗಿ ಹೇಳುವ ರೂಢಿಯಿದೆ. ಆದರೆ ಮುಖ್ಯ ತಿರುವುಗಳೆಲ್ಲ ಬಂದಿರುವುದು ಬೇರೆ ಎರಡು ಪ್ರಶ್ನೆಗಳ ಸುತ್ತ: ಸಂರಚನೆ ಎಲ್ಲಿ ಉಳಿಯುತ್ತದೆ, ಅದನ್ನು ತಿದ್ದುವ ಅಧಿಕಾರ ಯಾರದು.

ಕಡತಗಳ ಕಾಲ (1988–2000)

1988ರಲ್ಲಿ ಪ್ರಕಟವಾದ ಎಸ್‌ಎನ್‌ಎಂಪಿ ನಿಯಮಾವಳಿಯಿಂದ ಬೇರೆಬೇರೆ ಕಂಪನಿಗಳ ಸಾಧನಗಳನ್ನು ಒಂದೇ ಬಗೆಯಲ್ಲಿ ವಿಚಾರಿಸುವುದು ಸಾಧ್ಯವಾಯಿತು. ಎಚ್‌ಪಿ ಓಪನ್‌ವ್ಯೂನಂಥ ವಾಣಿಜ್ಯ ತಂತ್ರಾಂಶಗಳು ಜಾಲದ ನಕ್ಷೆಯನ್ನೇ ಮುಖಪುಟವಾಗಿಸಿದವು. ಬ್ರೌಸರ್‌ನಲ್ಲಿ ಕಾಣುವ ಗ್ರಾಫ್‌ಗಳ ಪರಂಪರೆ ಶುರುವಾದದ್ದು ಎಂಆರ್‌ಟಿಜಿಯಿಂದ. ಟೋಬಿಯಸ್ ಓಟಿಕರ್ 1994ರಲ್ಲಿ ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಹೊರಜಗತ್ತಿನೊಂದಿಗೆ ಇದ್ದುದು 64 ಕಿಲೋಬಿಟ್‌ನ ಒಂದೇ ಮಾರ್ಗ. ಅದರ ಮೇಲಿನ ಹೊರೆಯನ್ನು ಎಲ್ಲರೂ ನೋಡುವಂತಾಗಲಿ ಎಂದು ಅವರು ಪರ್ಲ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್, 1995ರಲ್ಲಿ ಸಾರ್ವಜನಿಕ ಬಳಕೆಗೆ ಬಂತು.

ಎಂಆರ್‌ಟಿಜಿಯಲ್ಲಿ ಸಂರಚನೆಯೆಲ್ಲ ಸರ್ವರ್‌ನಲ್ಲಿದ್ದ ಒಂದು ಪಠ್ಯ ಕಡತದಲ್ಲಿ. 'ಟಾರ್ಗೆಟ್' ಸಾಲಿನಲ್ಲಿ ರೌಟರ್‌ನ ವಿಳಾಸ ಮತ್ತು ಇಂಟರ್‌ಫೇಸ್ ಸಂಖ್ಯೆ, 'ಮ್ಯಾಕ್ಸ್‌ಬೈಟ್ಸ್' ಸಾಲಿನಲ್ಲಿ ಮಾರ್ಗದ ಗರಿಷ್ಠ ವೇಗ. ವೇಗವನ್ನು ಬರೆಯಬೇಕಾದದ್ದು ಸೆಕೆಂಡಿಗೆ ಇಷ್ಟು ಬೈಟ್ ಎಂದು: 64 ಕಿಲೋಬಿಟ್ ಮಾರ್ಗಕ್ಕೆ 8000. ಈ ಮಿತಿಯನ್ನು ಮೀರಿದ ಅಳತೆಗಳನ್ನು ತಂತ್ರಾಂಶ ಕೈಬಿಡುತ್ತಿದ್ದುದರಿಂದ, ಇಲ್ಲಿ ಕಡಿಮೆ ಅಂಕಿ ಬಿದ್ದರೆ ನಿಜವಾದ ದಟ್ಟಣೆಯೇ ಗ್ರಾಫ್‌ನಿಂದ ಮಾಯವಾಗುತ್ತಿತ್ತು. ದಿನ, ವಾರ, ತಿಂಗಳು, ವರ್ಷ ಎಂಬ ನಾಲ್ಕು ಗ್ರಾಫ್‌ಗಳ ಅವಧಿ ಮೊದಲೇ ನಿಗದಿಯಾಗಿತ್ತು. ನೋಡುವವನಿಗೆ ಆಯ್ಕೆ ಇರಲಿಲ್ಲ. ಹಲವು ಇಂಟರ್‌ಫೇಸ್‌ಗಳ ಗ್ರಾಫ್‌ಗಳನ್ನು ಒಂದೇ ಪುಟದಲ್ಲಿ ಸಾಲಾಗಿ ಜೋಡಿಸಿಕೊಡುತ್ತಿದ್ದ 'ಇಂಡೆಕ್ಸ್‌ಮೇಕರ್' ಎಂಬ ಸಹಾಯಕ ಸ್ಕ್ರಿಪ್ಟನ್ನು ಇಂದಿನ ಡ್ಯಾಶ್‌ಬೋರ್ಡ್‌ನ ಪೂರ್ವಜ ಎನ್ನಬಹುದು. ಓಟಿಕರ್ ಅವರೇ 1999ರಲ್ಲಿ ಹೊರತಂದ ಆರ್‌ಆರ್‌ಡಿಟೂಲ್, ಅಂಕಿಗಳ ಸಂಗ್ರಹವನ್ನೂ ಚಿತ್ರ ಬಿಡಿಸುವುದನ್ನೂ ಬೇರ್ಪಡಿಸಿತು. ಒಂದೇ ದತ್ತಾಂಶವನ್ನು ಬೇಕಾದ ಅವಧಿಗೆ, ಬೇಕಾದ ರೂಪದಲ್ಲಿ ತೋರಿಸುವುದು ಇದರಿಂದ ಸುಲಭವಾಯಿತು.

ಈ ಅವಧಿಯ ಒಂದು ತೊಡಕು ಈಗಲೂ ವಿಜೆಟ್‌ಗಳನ್ನು ಕಾಡುತ್ತದೆ. ಎಸ್‌ಎನ್‌ಎಂಪಿಯ ಮೂಲ ದಟ್ಟಣೆ ಎಣಿಕೆ 32 ಬಿಟ್‌ನದು. 10 ಮೆಗಾಬಿಟ್ ವೇಗದಲ್ಲಿ ಅದು ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗಲು ಸುಮಾರು 57 ನಿಮಿಷ ಬೇಕು. 100 ಮೆಗಾಬಿಟ್‌ನಲ್ಲಿ 5.7 ನಿಮಿಷ, 1 ಗಿಗಾಬಿಟ್‌ನಲ್ಲಿ 34 ಸೆಕೆಂಡ್ ಸಾಕು. ಐದು ನಿಮಿಷಕ್ಕೊಮ್ಮೆ ಓದುವ ತಂತ್ರಾಂಶಕ್ಕೆ ಈ ನಡುವೆ ಎಣಿಕೆ ಎಷ್ಟು ಸುತ್ತು ಹಾಕಿತೆಂಬುದು ತಿಳಿಯದು. ಹಾಗಾಗಿ ಗಿಗಾಬಿಟ್ ಮಾರ್ಗದ ವಿಜೆಟ್‌ಗೆ 64 ಬಿಟ್ ಎಣಿಕೆಯನ್ನು ಆಯ್ದುಕೊಳ್ಳದಿದ್ದರೆ, ಗ್ರಾಫ್ ನೋಡಲು ಸರಿಯಾಗಿಯೇ ಇದ್ದು ಅಂಕಿ ಸುಳ್ಳಾಗಿರುತ್ತದೆ.

ಡೇಟಾಬೇಸ್‌ಗೆ ಬಂದ ಸಂರಚನೆ (2001–2013)

2001ರಲ್ಲಿ ಬಂದ ಕ್ಯಾಕ್ಟೈ, ಆರ್‌ಆರ್‌ಡಿಟೂಲ್ ಗ್ರಾಫ್‌ಗಳನ್ನು ಬ್ರೌಸರ್‌ನಿಂದಲೇ ರಚಿಸುವ ಅನುಕೂಲ ಒದಗಿಸಿ, ಸಂರಚನೆಯನ್ನು ಡೇಟಾಬೇಸ್‌ನಲ್ಲಿಟ್ಟಿತು. ಮತ್ತೊಂದು ನಿಗಾ ತಂತ್ರಾಂಶವಾದ ನೇಗಿಯೋಸ್ ಮಾತ್ರ ಪಠ್ಯ ಕಡತಗಳನ್ನು ಬಿಡಲಿಲ್ಲ. ಲಾಟ್ವಿಯಾದ ಅಲೆಕ್ಸಿ ವ್ಲಾಡಿಶೆವ್ 1998ರಲ್ಲಿ ಬ್ಯಾಂಕೊಂದರ ಆಂತರಿಕ ಬಳಕೆಗೆಂದು ಶುರು ಮಾಡಿ, 2001ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ ಝ್ಯಾಬಿಕ್ಸ್‌ನಲ್ಲಿ 'ಸ್ಕ್ರೀನ್' ಎಂಬ ಸೌಲಭ್ಯ ಬೆಳೆಯಿತು. ಅಡ್ಡಸಾಲು, ಕಂಬಸಾಲುಗಳ ಕೋಷ್ಟಕ ಹಾಕಿ, ಒಂದೊಂದು ಕೋಣೆಗೆ ಗ್ರಾಫ್, ನಕ್ಷೆ ಅಥವಾ ಪಠ್ಯ ತುಂಬಬೇಕಿತ್ತು. ಗೋಡೆಯ ಮೇಲಿನ ದೊಡ್ಡ ಪರದೆಗಳಲ್ಲಿ ಸ್ಕ್ರೀನ್‌ಗಳನ್ನು ಒಂದಾದ ಮೇಲೊಂದು ತೋರಿಸಲು 'ಸ್ಲೈಡ್ ಶೋ' ಇತ್ತು.

ಝ್ಯಾಬಿಕ್ಸ್ ಕಾಲಗಣನೆಯ ಗೊಂದಲ

ಝ್ಯಾಬಿಕ್ಸ್‌ಗೆ ಡ್ಯಾಶ್‌ಬೋರ್ಡ್ ಬಂದದ್ದು ಯಾವಾಗ ಎಂಬ ಪ್ರಶ್ನೆಗೆ ಬೇರೆಬೇರೆ ಉತ್ತರ ಸಿಗಲು ಕಾರಣವಿದೆ. ಡ್ಯಾಶ್‌ಬೋರ್ಡ್ ಎಂಬ ಪುಟ ಹಳೆಯ ಆವೃತ್ತಿಗಳಲ್ಲೂ ಇತ್ತು. ಆದರೆ ಮೆಚ್ಚಿನ ಗ್ರಾಫ್‌ಗಳ ಪಟ್ಟಿ, ಒಟ್ಟಾರೆ ಸ್ಥಿತಿ, ಇತ್ತೀಚಿನ ತೊಂದರೆಗಳಂಥ ಸಿದ್ಧ ಚೌಕಗಳಷ್ಟೇ ಅದರಲ್ಲಿದ್ದವು. ಹೊಸದನ್ನು ಸೇರಿಸಲು, ಎರಡನೆಯ ಡ್ಯಾಶ್‌ಬೋರ್ಡ್ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಎಳೆದು ಕೂರಿಸಿ ಹಿಗ್ಗಿಸಬಹುದಾದ ವಿಜೆಟ್‌ಗಳು, ಒಬ್ಬ ಬಳಕೆದಾರನಿಗೆ ಹಲವು ಡ್ಯಾಶ್‌ಬೋರ್ಡ್‌ಗಳು, ಅವುಗಳನ್ನು ಇತರರೊಂದಿಗೆ ಹಂಚಿಕೊಳ್ಳುವ ವ್ಯವಸ್ಥೆ ಬಂದದ್ದು ಆಗಸ್ಟ್ 2017ರ 3.4ನೇ ಆವೃತ್ತಿಯಲ್ಲಿ. ಹಳೆಯ ಸ್ಕ್ರೀನ್‌ಗಳು ಇನ್ನೂ ನಾಲ್ಕು ವರ್ಷ ಜೊತೆಗೇ ಉಳಿದವು. 2021ರ 5.4ನೇ ಆವೃತ್ತಿ ಅವನ್ನು ತೆಗೆದುಹಾಕಿ, ಇದ್ದವನ್ನು ಡ್ಯಾಶ್‌ಬೋರ್ಡ್‌ಗಳಾಗಿಯೂ ಸ್ಲೈಡ್ ಶೋಗಳನ್ನು ಹಲವು ಪುಟಗಳ ಡ್ಯಾಶ್‌ಬೋರ್ಡ್‌ಗಳಾಗಿಯೂ ಮಾರ್ಪಡಿಸಿತು. ಸಂರಚನೆಯ ಇತಿಹಾಸದ ಮಟ್ಟಿಗೆ ಲೆಕ್ಕಕ್ಕೆ ಬರುವ ವರ್ಷಗಳು 2017 ಮತ್ತು 2021.

ಗ್ರಾಫಾನಾ: ಕಡತಕ್ಕೆ ಮರಳಿದ ದಾರಿ

ಸ್ವೀಡನ್ನಿನ ಟೋರ್ಕೆಲ್ ಓಡೆಗಾರ್ಡ್ ಅವರು ಕಿಬಾನಾ 3 ಎಂಬ ದತ್ತಾಂಶ ಪ್ರದರ್ಶನ ತಂತ್ರಾಂಶದ ಕವಲಾಗಿ ರೂಪಿಸಿದ ಗ್ರಾಫಾನಾ ಜನವರಿ 2014ರಲ್ಲಿ ಹೊರಬಂತು. ಗ್ರಾಫೈಟ್ ಎಂಬ ಅಳತೆ ಸಂಗ್ರಹ ತಂತ್ರಾಂಶದ ದತ್ತಾಂಶಕ್ಕೆ ಚೆಂದದ ಮುಖ ಕೊಡುವುದು ಮೂಲ ಉದ್ದೇಶ. ಆರಂಭದಲ್ಲಿ ಅದು ಪೂರ್ತಿ ಬ್ರೌಸರ್‌ನಲ್ಲೇ ಓಡುತ್ತಿತ್ತು. ಸ್ವಂತ ಸರ್ವರ್ ಇಲ್ಲದ್ದರಿಂದ ಯಾರು ಯಾವ ಡ್ಯಾಶ್‌ಬೋರ್ಡ್ ತಿದ್ದಬಹುದೆಂಬ ನಿಯಂತ್ರಣವೂ ಇರಲಿಲ್ಲ. 2015ರ 2.0 ಆವೃತ್ತಿ ಲಾಗಿನ್, ಸಂಸ್ಥೆವಾರು ವಿಂಗಡಣೆ ಮತ್ತು ಡೇಟಾಬೇಸ್ ತಂದಿತು.

ಮಾರ್ಚ್ 2018ರ 5.0 ಆವೃತ್ತಿ ಎರಡು ಬದಲಾವಣೆ ಮಾಡಿತು. ಮೊದಲನೆಯದು ಎಲ್ಲರಿಗೂ ಕಂಡದ್ದು: ಸಾಲುಗಳಲ್ಲಿ ಕಟ್ಟುಬಿದ್ದಿದ್ದ ಪ್ಯಾನೆಲ್‌ಗಳು 24 ಕಂಬಸಾಲುಗಳ ಜಾಲರಿಯ ಮೇಲೆ ಎಲ್ಲಿ ಬೇಕಾದರೂ ಕೂರುವಂತಾದವು. ಡ್ಯಾಶ್‌ಬೋರ್ಡ್‌ನ ಜೇಸನ್ ಪಠ್ಯದಲ್ಲಿ ಪ್ರತಿ ಪ್ಯಾನೆಲ್‌ಗೂ ಅಡ್ಡ ಸ್ಥಾನ, ಲಂಬ ಸ್ಥಾನ, ಅಗಲ, ಎತ್ತರ ಎಂಬ ನಾಲ್ಕು ಅಂಕಿಗಳಿರುತ್ತವೆ. ಅಗಲ 12 ಎಂದರೆ ಪರದೆಯ ಅರ್ಧ, ಎತ್ತರದ ಒಂದು ಘಟಕಕ್ಕೆ 30 ಪಿಕ್ಸೆಲ್. ಎರಡನೆಯದು ಅಷ್ಟಾಗಿ ಸುದ್ದಿಯಾಗದಿದ್ದರೂ ದೂರಗಾಮಿ: ಡ್ಯಾಶ್‌ಬೋರ್ಡ್‌ಗಳನ್ನು ಸರ್ವರ್‌ನಲ್ಲಿಟ್ಟ ಕಡತಗಳಿಂದ ತುಂಬುವ ವ್ಯವಸ್ಥೆ. ಹಾಗೆ ತುಂಬಿದವನ್ನು ಪರದೆಯಲ್ಲಿ ತಿದ್ದಿ ಉಳಿಸಲು ಆಗ ಅವಕಾಶವಿರಲಿಲ್ಲ. ಆ ಅವಕಾಶ ಮುಂದೆ ಆಯ್ಕೆಯಾಗಿ ಸೇರಿತು. ಕೋಡ್‌ನಂತೆಯೇ ಡ್ಯಾಶ್‌ಬೋರ್ಡ್‌ಗೂ ಆವೃತ್ತಿ ಇಟ್ಟು ಪರಿಶೀಲಿಸಬಯಸುವ ತಂಡಗಳಿಗೆ ಈ ಕಡತ ವ್ಯವಸ್ಥೆ ಅನುಕೂಲವಾಯಿತು. ನೋಡುವವನ ಕೈಗೆ ಬಂದಿದ್ದ ಅಧಿಕಾರದ ಒಂದು ಪಾಲು ಇದರಿಂದ ನಿರ್ವಾಹಕನಿಗೆ ಹಿಂದಿರುಗಿತು.

ಸಾಧನದಿಂದ ಬಿಡುಗಡೆ

ಮೊದಲ ಪೀಳಿಗೆಯ ಗ್ರಾಫ್ ಒಂದು ನಿರ್ದಿಷ್ಟ ಇಂಟರ್‌ಫೇಸ್‌ಗೆ ಅಂಟಿಕೊಂಡಿರುತ್ತಿತ್ತು. ನೂರು ಸ್ವಿಚ್‌ಗಳಿದ್ದರೆ ನೂರು ಪ್ರತಿ ಬೇಕು. ಗ್ರಾಫಾನಾ ಇದಕ್ಕೆ ವೇರಿಯಬಲ್‌ಗಳನ್ನು ತಂದಿತು: ದತ್ತಾಂಶ ಕೇಳುವ ಪ್ರಶ್ನೆಯಲ್ಲಿ ಸಾಧನದ ಹೆಸರಿನ ಬದಲು ಡಾಲರ್ ಚಿಹ್ನೆ ಹಾಕಿ ಅದರ ನಂತರ ವೇರಿಯಬಲ್ ಹೆಸರು ಬರೆದರೆ, ಪುಟದ ಮೇಲ್ಭಾಗದ ಪಟ್ಟಿಯಿಂದ ಸಾಧನ ಬದಲಿಸಿದಾಗ ಎಲ್ಲ ಪ್ಯಾನೆಲ್‌ಗಳೂ ಬದಲಾಗುತ್ತವೆ. ಝ್ಯಾಬಿಕ್ಸ್‌ನಲ್ಲಿ ಈ ಕೆಲಸವನ್ನು 'ಡೈನಮಿಕ್ ಐಟಂ' ಎಂಬ ಗುರುತು ಚೌಕ ಮಾಡುತ್ತಿತ್ತು. ಜೂನ್ 2024ರ 7.0 ಆವೃತ್ತಿ ಅದರ ಜಾಗದಲ್ಲಿ 'ಓವರ್‌ರೈಡ್ ಹೋಸ್ಟ್' ತಂದು, ಸಾಧನವನ್ನು ಡ್ಯಾಶ್‌ಬೋರ್ಡ್‌ನಿಂದಲ್ಲದೆ ಮತ್ತೊಂದು ವಿಜೆಟ್‌ನಿಂದಲೂ ಪಡೆಯುವಂತೆ ಮಾಡಿತು. ಸಾಧನಗಳ ಪಟ್ಟಿಯ ವಿಜೆಟ್‌ನಲ್ಲಿ ಒಂದು ಹೆಸರನ್ನು ಒತ್ತಿದರೆ ಪಕ್ಕದ ಗ್ರಾಫ್ ಆ ಸಾಧನಕ್ಕೆ ಹೊರಳುತ್ತದೆ.

ವಿನ್ಯಾಸ ಮತ್ತು ಹೊರೆ ಕುರಿತ ಭಿನ್ನಾಭಿಪ್ರಾಯ

ಸ್ಟೀಫನ್ ಫ್ಯೂ ಅವರ 2006ರ 'ಇನ್ಫರ್ಮೇಶನ್ ಡ್ಯಾಶ್‌ಬೋರ್ಡ್ ಡಿಸೈನ್' ಕೃತಿ, ಗಡಿಯಾರದ ಮುಖದಂಥ ಗೇಜ್‌ಗಳು ಹೆಚ್ಚು ಜಾಗ ತಿಂದು ಕಡಿಮೆ ಹೇಳುತ್ತವೆ ಎಂದು ವಾದಿಸಿತು. ಬಳಕೆದಾರರ ಒಲವು ಬೇರೆಯೇ ಇತ್ತು: ಗ್ರಾಫಾನಾದಲ್ಲಿ ಗೇಜ್ ಉಳಿದುಕೊಂಡಿತು, ಝ್ಯಾಬಿಕ್ಸ್ 7.0 ಗೇಜನ್ನೂ ಪೈ ಚಾರ್ಟನ್ನೂ ಹೊಸ ವಿಜೆಟ್‌ಗಳಾಗಿ ಸೇರಿಸಿತು.

ಮತ್ತೊಂದು ಚರ್ಚೆ ನವೀಕರಣದ ಅಂತರದ್ದು. ಝ್ಯಾಬಿಕ್ಸ್ ವಿಜೆಟ್‌ಗಳಿಗೆ 10 ಸೆಕೆಂಡ್‌ನಿಂದ 15 ನಿಮಿಷದವರೆಗೆ ಆಯ್ಕೆಗಳಿವೆ. ಐದು ನಿಮಿಷಕ್ಕೊಮ್ಮೆ ಓದುವ ಅಳತೆಗೆ 10 ಸೆಕೆಂಡ್ ಇಟ್ಟರೆ ಹೊಸ ಮಾಹಿತಿಯೇನೂ ಬಾರದು. ತೆರೆದಿರುವ ಪ್ರತಿ ಪರದೆಯ ಪ್ರತಿ ವಿಜೆಟ್‌ನಿಂದ ಸರ್ವರ್‌ಗೆ ವಿಚಾರಣೆ ಮಾತ್ರ ಹೆಚ್ಚುತ್ತದೆ.

ಇತ್ತೀಚಿನ ಸ್ಥಿತಿ

2022ರ ಝ್ಯಾಬಿಕ್ಸ್ 6.0 ಭೂಪಟದ ವಿಜೆಟ್ ತಂದರೆ, 2023ರ 6.4 ಆವೃತ್ತಿ ವಿಜೆಟ್‌ಗಳನ್ನು ಮಾಡ್ಯೂಲ್‌ಗಳಾಗಿಸಿ, ಹೊರಗಿನವರು ಸ್ವಂತ ವಿಜೆಟ್ ಬರೆದು ಸೇರಿಸಲು ದಾರಿ ಮಾಡಿತು. ಗ್ರಾಫಾನಾ 2021ರಲ್ಲಿ, ಒಮ್ಮೆ ತಿದ್ದಿದರೆ ಬಳಕೆಯಾದ ಎಲ್ಲ ಡ್ಯಾಶ್‌ಬೋರ್ಡ್‌ಗಳಲ್ಲೂ ಬದಲಾಗುವ ಲೈಬ್ರರಿ ಪ್ಯಾನೆಲ್‌ಗಳನ್ನು ಸೇರಿಸಿತು. ಗ್ರಾಫಾನಾಗೆ ಝ್ಯಾಬಿಕ್ಸ್ ಪ್ಲಗಿನ್ ಲಭ್ಯವಿರುವುದರಿಂದ, ಅಂಕಿ ಸಂಗ್ರಹಕ್ಕೆ ಒಂದು, ಪ್ರದರ್ಶನಕ್ಕೆ ಇನ್ನೊಂದು ಎಂದು ಎರಡನ್ನೂ ಒಟ್ಟಿಗೆ ಬಳಸುವವರಿದ್ದಾರೆ. ಅಂಥ ಕಡೆ ಒಂದು ವಿಜೆಟ್‌ನ ಸಂರಚನೆ ಎರಡು ತಂತ್ರಾಂಶಗಳಲ್ಲಿ ಹಂಚಿಹೋಗಿರುತ್ತದೆ: ಬೈಟನ್ನು ಬಿಟ್‌ಗೆ ಪರಿವರ್ತಿಸುವ, ಓದುವ ಅಂತರ ನಿರ್ಧರಿಸುವ ಕೆಲಸ ಝ್ಯಾಬಿಕ್ಸ್‌ನಲ್ಲಿ, ಅವಧಿ, ಬಣ್ಣ, ಸ್ಥಾನಗಳ ಆಯ್ಕೆ ಗ್ರಾಫಾನಾದಲ್ಲಿ. ಅಂಕಿ ತಪ್ಪಿದರೆ ಎರಡೂ ಕಡೆ ಹುಡುಕಬೇಕು.