ಬೀಸ್ಟ್ಸ್ ಆಫ್ ದ ಸದರ್ನ್ ವೈಲ್ಡ್

ಅಮೆರಿಕದ ಸ್ವತಂತ್ರ ಚಲನಚಿತ್ರ (2012). ನಿರ್ದೇಶಕ ಬೆನ್ ಝೈಟ್ಲಿನ್. ಲೂಸಿ ಅಲಿಬಾರ್ ಅವರ ಏಕಾಂಕ ನಾಟಕ ಇದರ ಮೂಲ. ಚಿತ್ರಕಥೆಯನ್ನು ಇಬ್ಬರೂ ಸೇರಿ ಬರೆದರು.

ಲೂಸಿಯಾನದ ದಕ್ಷಿಣ ತೀರದಲ್ಲಿ, ಪ್ರವಾಹ ತಡೆಗೋಡೆಯ ಹೊರಗೆ ಉಳಿದುಬಿಟ್ಟ 'ಬಾತ್‌ಟಬ್' ಎಂಬ ಕಲ್ಪಿತ ಊರಿನ ಕತೆಯಿದು. ಚಂಡಮಾರುತಕ್ಕೆ ಊರು ಮುಳುಗುತ್ತದೆ. ನಿಂತ ಉಪ್ಪುನೀರಿಗೆ ಗಿಡಮರ, ಪ್ರಾಣಿಗಳು ಸಾಯತೊಡಗುತ್ತವೆ. ಪುಟ್ಟ ಹುಡುಗಿ ಹಶ್‌ಪಪ್ಪಿಯ ತಂದೆ ವಿಂಕ್ ಮತ್ತು ಗೆಳೆಯರು ದೊಡ್ಡ ಮೀನೊಂದರ ಹೊಟ್ಟೆಗೆ ಸ್ಫೋಟಕ ತುಂಬಿ ಗೋಡೆಯನ್ನೇ ಒಡೆಯುತ್ತಾರೆ. ನೀರು ಇಳಿದಾಗ ಸಿಗುವುದು ಬರೀ ಕೆಸರು. ಅಧಿಕಾರಿಗಳು ಊರವರನ್ನು ಬಲವಂತವಾಗಿ ಪರಿಹಾರ ಕೇಂದ್ರಕ್ಕೆ ಸಾಗಿಸಿದರೂ ಅವರು ತಪ್ಪಿಸಿಕೊಂಡು ಊರಿಗೇ ಮರಳುತ್ತಾರೆ. ಸಂತ್ರಸ್ತರನ್ನು ಅನುಕಂಪದ ವಸ್ತುವಾಗಿಸದೆ, ನೆಲ ಬಿಡದ ಹಟವಾದಿಗಳಾಗಿ ಕಂಡದ್ದೇ ಚಿತ್ರದ ನಿಜವಾದ ಬಲ.

16 ಮಿ.ಮೀ. ಫಿಲ್ಮ್‌ನಲ್ಲಿ ಚಿತ್ರೀಕರಣ ನಡೆಯಿತು. ಮುಖ್ಯ ಪಾತ್ರಧಾರಿಗಳಿಬ್ಬರೂ ನಟನೆಗೆ ಹೊಸಬರು. ವಿಂಕ್ ಪಾತ್ರದ ಡ್ವೈಟ್ ಹೆನ್ರಿ ನ್ಯೂ ಆರ್ಲಿಯನ್ಸ್‌ನಲ್ಲಿ ಬೇಕರಿ ನಡೆಸುತ್ತಿದ್ದರು. ಹಶ್‌ಪಪ್ಪಿಯಾದ ಕ್ವವೆಂಝನೇ ವಾಲಿಸ್ 9ನೇ ವಯಸ್ಸಿಗೇ ಆಸ್ಕರ್ ಶ್ರೇಷ್ಠ ನಟಿ ವಿಭಾಗಕ್ಕೆ ನಾಮನಿರ್ದೇಶನಗೊಂಡಳು. ಆ ವಿಭಾಗದಲ್ಲಿ ಅಷ್ಟು ಕಿರಿಯರು ಹಿಂದೆ ಯಾರೂ ಇರಲಿಲ್ಲ. ಸಂಡಾನ್ಸ್ ಉತ್ಸವದ ತೀರ್ಪುಗಾರರ ಮಹಾಪ್ರಶಸ್ತಿ, ಕಾನ್‌ನ 'ಕ್ಯಾಮೆರಾ ದೋರ್' ಚಿತ್ರಕ್ಕೆ ಸಂದವು.

ಬಾತ್‌ಟಬ್‌ಗೆ ಪ್ರೇರಣೆಯಾದ ಊರುಗಳಲ್ಲಿ ಐಲ್ ಡಿ ಜೀನ್ ಚಾರ್ಲ್ಸ್ ಒಂದು. ಕಡಲು ನುಂಗುತ್ತಿರುವ ಆ ದ್ವೀಪದ ಜನರ ಸ್ಥಳಾಂತರಕ್ಕೆ 2016ರಲ್ಲಿ ಅಮೆರಿಕ ಸರಕಾರ 4.8 ಕೋಟಿ ಡಾಲರ್ ಮಂಜೂರು ಮಾಡಿತು.